ಚೀಟಿಯಲ್ಲಿಲ್ಲದ ಹತ್ತು ಕಿಲೋ

ಖಾಸಗಿ ವಿಮಾನ ಬಾಡಿಗೆಗೆ ಸಿಗುತ್ತದೆಯೇ ಎಂದು ಫೋನು ಮಾಡುವವರೆಲ್ಲ ಮೊದಲು ಹೇಳುವುದು ಒಂದೇ ಮಾತು: "ಸುಮ್ನೆ ಕೇಳ್ತಿದ್ದೀನಿ." ಎರಡನೆಯ ಮಾತು: "ನನಗಲ್ಲ, ನನ್ನ ಸ್ನೇಹಿತರೊಬ್ಬರಿಗೆ." ಇಪ್ಪತ್ತೆರಡು ವರ್ಷ ಈ ಎರಡು ಮಾತು ಕೇಳಿಸಿಕೊಂಡ ಹೆಂಗಸು ಯಾರನ್ನೂ ನಂಬದೆ ಹೋದರೆ ಅದು ಅವಳ ತಪ್ಪಲ್ಲ. ಅವಳು "ಹೂಂ" ಎನ್ನುತ್ತಿದ್ದಳು. ಆ ಹೂಂ ಗಂಟಲಿನಿಂದ ಹೊರಟು, ಮೂಗಿನಲ್ಲಿ ಸ್ವಲ್ಪ ಹೊತ್ತು ಕಾಲು ಚಾಚಿ ಕೂತು, ಆಮೇಲೆ ನಿಧಾನವಾಗಿ ತಂತಿಗಿಳಿಯುತ್ತಿತ್ತು. ಸುಳ್ಳು ಹೇಳಿದವನು ಮುನ್ನೂರು ಮೈಲಿ ಆಚೆ ಕೂತಿದ್ದರೂ ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಳ್ಳುತ್ತಿದ್ದ.

ಹೂಂ ಅಕ್ಕ ಎಂಬ ಹೆಸರು ಬಂದದ್ದು ಹಾಗೆ. ನಾನು ಆ ಕಚೇರಿಯ ಕಾರು ಓಡಿಸುತ್ತಿದ್ದವನು. ವಯಸ್ಸಿನಲ್ಲಿ ಅವಳು ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಆದರೂ ನನಗೆ ಅಕ್ಕನೇ, ವಿಮಾನ ಹಾರಿಸುವ ಕ್ಯಾಪ್ಟನ್ನಿಗೂ ಅಕ್ಕನೇ.

ಒಂದು ಬ್ಯಾಂಕಿನ ಮೇಲಿನ ಮಹಡಿಯಲ್ಲಿ ನಮ್ಮ ಕಚೇರಿ. ಒಳಕೋಣೆಯಲ್ಲಿ ಯಜಮಾನರು. ಹೊರಕೋಣೆಯಲ್ಲಿ ಅಕ್ಕನ ಮೇಜು, ಮೇಜಿನ ಮೇಲೆ ಎರಡು ಫೋನು, ಗೋಡೆಯ ಮೇಲೆ ಎರಡು ಬಿಳಿ ವಿಮಾನಗಳು ಜೊತೆಯಾಗಿ ಹಾರುವ ದೊಡ್ಡ ಫೋಟೋ. ನಿಜಕ್ಕೂ ಅವು ಜೊತೆಯಾಗಿ ಹಾರಿದ್ದು ಆ ಫೋಟೋದಲ್ಲಿ ಮಾತ್ರ. ಉಳಿದ ದಿನ ಒಂದು ಹಾರುತ್ತಿದ್ದರೆ ಇನ್ನೊಂದರ ಹೊಟ್ಟೆ ಬಿಚ್ಚಿಟ್ಟಿರುತ್ತಿದ್ದರು.

ಫೋನು ಬಂದರೆ ಅಕ್ಕ ಪೆನ್ಸಿಲ್ ಎತ್ತಿಕೊಳ್ಳುತ್ತಿದ್ದಳು. ಪ್ರಶ್ನೆಗಳು ಯಾವ ಕ್ರಮದಲ್ಲಿ ಬರುತ್ತವೆ ಎಂಬುದರ ಮೇಲೆ ಮನುಷ್ಯನನ್ನು ಅಳೆಯುವುದು ಅವಳ ವಿದ್ಯೆ.

"ನಮ್ಮ ಮನೆ ಹತ್ರಾನೇ ಇಳಿಸ್ತೀರಾ?" ಎಂದು ಶುರುಮಾಡಿದವನು ವಿಮಾನವನ್ನು ಆಟೋ ಎಂದುಕೊಂಡಿದ್ದಾನೆ. ಅವನಿಗೆ ವಿಮಾನ ಇಳಿಯಲು ಬೇಕಾದ ಓಡುದಾರಿಯ ಉದ್ದಗಲದ ಪಾಠ ಸಿಗುತ್ತಿತ್ತು. "ಎಷ್ಟು ಮುಂಚೆ ಬರಬೇಕು?" ಎಂದವನು ಒಮ್ಮೆಯಾದರೂ ಹತ್ತಿದವನು. "ಕಾಲು ಗಂಟೆ ಮುಂಚೆ ಬಂದ್ರೆ ಸಾಕು ಸಾರ್." "ತಡವಾದ್ರೆ ಕಾಯುತ್ತಾ?" "ವಿಮಾನ ಕಾಯುತ್ತೆ. ಪೈಲಟ್ ಇಷ್ಟೇ ಗಂಟೆ ಹಾರಬೇಕು ಅಂತ ನಿಯಮ ಇದೆ, ಅದು ಕಾಯಲ್ಲ." "ಶೌಚಾಲಯ ಇದೆಯಾ?" ಎಂದು ಕೇಳುವಾಗ ಎಂಥ ಕೋಟ್ಯಧಿಪತಿಯೂ ದನಿ ತಗ್ಗಿಸುತ್ತಿದ್ದ. ಅಕ್ಕ ದನಿ ಏರಿಸಿ, "ಇದೆ, ಬಾಗಿಲಿಲ್ಲ, ಪರದೆ ಇದೆ" ಎನ್ನುತ್ತಿದ್ದಳು. "ವಿಮಾನ ಖಾಲಿ ವಾಪಸ್ ಬರೋವಾಗ ಕಡಿಮೆಗೆ ಸಿಗುತ್ತಂತಲ್ಲ?" ಎಂದು ಕೇಳಿದವನಿಗೆ, "ಸಿಗುತ್ತೆ. ದಿನ, ಹೊತ್ತು, ಊರು ಮೂರೂ ನಾವು ಹೇಳಿದ್ದೇ. ನಿಮ್ಮಿಷ್ಟಕ್ಕೆ ಉಳಿಯೋದು ಕಿಟಕಿ ಸೀಟು ಮಾತ್ರ."

"ಹೆಸರು ಗುಟ್ಟಾಗಿಡ್ತೀರಾ?" ಎಂದು ಕೇಳಿದರೆ ಇವನು ನಿಜವಾದ ಗಿರಾಕಿ ಎಂದು ಪೆನ್ಸಿಲ್ ಕೆಳಗಿಟ್ಟು ಪೆನ್ನು ತೆಗೆಯುತ್ತಿದ್ದಳು.

ಆದರೆ ಇವೆಲ್ಲ ಪೀಠಿಕೆ. ಅಕ್ಕನ ನಿಜವಾದ ಕೆಲಸ ಕೊನೆಯ ಪ್ರಶ್ನೆಯಲ್ಲಿತ್ತು, ಅದನ್ನು ಕೇಳುವವಳು ಅವಳೇ. "ಒಬ್ಬೊಬ್ಬರ ತೂಕ ಎಷ್ಟು ಹೇಳಿ."

ದೊಡ್ಡ ವಿಮಾನಗಳಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ನಮ್ಮದು ಏಳೆಂಟು ಜನರ ಚಿಕ್ಕ ವಿಮಾನ. ಹೊರಡುವ ಮೈದಾನದ ಓಡುದಾರಿ ಮೋಟು, ಅದರ ತುದಿಯಲ್ಲಿ ಬೋಳು ಗುಡ್ಡ. ಜನ, ಸಾಮಾನು, ಇಂಧನ ಎಲ್ಲ ಕೂಡಿಸಿ ಒಂದು ಚೀಟಿ ಕ್ಯಾಪ್ಟನ್ನಿಗೆ ಹೋಗಬೇಕು. ಅದನ್ನು ನೋಡಿ ಅವನು ಎಷ್ಟು ದೂರ ಓಡಿ ಎಲ್ಲಿ ಮೇಲೇಳಬೇಕು ಎಂದು ಲೆಕ್ಕ ಹಾಕುತ್ತಾನೆ. ಚೀಟಿ ಸುಳ್ಳಾದರೆ ಗುಡ್ಡ ನಿಜ ಹೇಳುತ್ತದೆ.

ತೂಕದ ವಿಷಯದಲ್ಲಿ ನಿಜ ಹೇಳುವ ಮನುಷ್ಯ ಇನ್ನೂ ಹುಟ್ಟಿಲ್ಲ. ಇದು ಅಕ್ಕನ ಮತ. ಅದಕ್ಕೆ ಅವಳಲ್ಲೊಂದು ಪಟ್ಟಿ ಇತ್ತು, ತಲೆಯೊಳಗೆ. ಕೇಳಿದ ತಕ್ಷಣ ಪಟ್ಟನೆ ಹೇಳಿದವರಿಗೆ ಹತ್ತು ಕಿಲೋ ಸೇರಿಸಬೇಕು. ಮೊದಲು ನಕ್ಕು ಆಮೇಲೆ ಹೇಳಿದವರಿಗೆ ಹನ್ನೆರಡು. "ಯಾಕೆ?" ಎಂದವರಿಗೆ ಹದಿನೈದು. "ಮದುವೆಗೆ ಮುಂಚೆ ಐವತ್ತೆರಡಿದ್ದೆ" ಎಂದವರಿಗೆ ಮದುವೆಯಾಗಿ ಎಷ್ಟು ವರ್ಷ ಎಂದು ಕೇಳಿ ವರ್ಷಕ್ಕೊಂದು. ಮಕ್ಕಳ ತೂಕಕ್ಕೂ ಐದು, ಏಕೆಂದರೆ ಯಾವ ತಾಯಿಯ ಲೆಕ್ಕದಲ್ಲೂ ಮಗು ಏನೂ ತಿನ್ನುವುದೇ ಇಲ್ಲ. ನಾಯಿಗಳಿಗೆ ಮಾತ್ರ ಸೊನ್ನೆ. "ನಾಯಿ ತೂಕದಲ್ಲಿ ಯಾರೂ ಸುಳ್ಳು ಹೇಳಲ್ಲ ಅಣ್ಣ," ಎನ್ನುತ್ತಿದ್ದಳು ನನಗೆ. "ಅದಕ್ಕೆ ನಾಚಿಕೆ ಇಲ್ಲ, ಅವರಿಗೆ ಕಾರಣ ಇಲ್ಲ."

ಈ ಬುದ್ಧಿ ಅವಳಿಗೆ ಗಂಡನಿಂದ ಬಂದದ್ದು. ಅವನು ಎರಡು ಬೀದಿ ಆಚೆ ದರ್ಜಿ. ಅವನ ಅಂಗಡಿ ಎಷ್ಟು ಚಿಕ್ಕದೆಂದರೆ ಅಳತೆ ಕೊಡಲು ಬಂದವರು ಕೈ ಚಾಚಿದರೆ ಒಂದು ಕೈ ಬೀದಿಯಲ್ಲಿರುತ್ತಿತ್ತು. ಟೇಪು ಸೊಂಟಕ್ಕೆ ಬಂದೊಡನೆ ಗಂಡಸರೆಲ್ಲ ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆಂದು ಅವನಿಗೆ ಗೊತ್ತು. ಅದಕ್ಕೇ ಯಾರಿಗೂ ಹೇಳದೆ ಒಳಹೊಲಿಗೆಯಲ್ಲಿ ಎರಡಿಂಚು ಬಟ್ಟೆ ಮಡಿಸಿಟ್ಟು ಹೊಲಿಯುತ್ತಿದ್ದ. ಆರು ತಿಂಗಳಿಗೆ ಅವರೇ ಬಂದು "ಸ್ವಲ್ಪ ಬಿಡಿಸಿಕೊಡಪ್ಪ" ಎನ್ನುತ್ತಿದ್ದರು. ಅವನು ಬಟ್ಟೆಯಲ್ಲಿ ಮಾಡಿದ್ದನ್ನು ಅಕ್ಕ ಆಕಾಶದಲ್ಲಿ ಮಾಡುತ್ತಿದ್ದಳು, ಅಷ್ಟೇ. ನನ್ನ ಹೊರತು ಯಾರ ಮುಂದೆಯೂ ಇಬ್ಬರೂ ಬಾಯಿ ಬಿಡುತ್ತಿರಲಿಲ್ಲ. ಕ್ಯಾಪ್ಟನ್ನಿಗೆ ಅಕ್ಕನ ಗುಟ್ಟು ಗೊತ್ತಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಇಷ್ಟು: ಅಕ್ಕನ ಕೈಬರಹದ ಚೀಟಿ ಇದ್ದರೆ ವಿಮಾನ ಹೇಳಿದ ಜಾಗದಲ್ಲಿ ಹೇಳಿದ ಹಾಗೆ ಮೇಲೇಳುತ್ತದೆ.

ಹೀಗಿರುವಾಗ ಯಜಮಾನರ ಮಗಳಿಗೆ ಮದುವೆಯಾಯಿತು, ಕಚೇರಿಗೆ ಅಳಿಯ ಬಂದ.

ಒಳ್ಳೆಯ ಹುಡುಗ. ಪಾಪ, ನೋಡಿದ್ದನ್ನೆಲ್ಲ ಸುಧಾರಿಸಬೇಕೆಂಬ ಕಾಯಿಲೆ. ಬಂದ ವಾರದಲ್ಲೇ ಅಕ್ಕನ ಮೇಜಿನ ಉದ್ದಗಲವನ್ನು ಟೇಪಿನಲ್ಲಿ ಅಳೆದ. ಅಕ್ಕ ಊಟದ ಡಬ್ಬಿ ಮುಚ್ಚಿ ನೋಡಿದಳು.

"ಏನಕ್ಕೆ ಅಳೀತಿದ್ದೀರಿ?"

"ಏನಿಲ್ಲ ಅಕ್ಕ, ಸುಮ್ನೆ."

"ಹೂಂ."

ಮರುದಿನ ಅವನೇ ಒಂದು ಹೊಸ ನೋಟುಪುಸ್ತಕ ತಂದು ಅವಳ ಮುಂದಿಟ್ಟ. "ಅಕ್ಕ, ಒಂದು ಉಪಕಾರ. ಜನ ಸಾಮಾನ್ಯವಾಗಿ ಏನೇನು ಕೇಳ್ತಾರೆ, ನೀವು ಏನೇನು ಹೇಳ್ತೀರಿ, ಎಲ್ಲ ಇದರಲ್ಲಿ ಬರೆದುಕೊಡಿ. ನಿಧಾನವಾಗಿ, ಏನೂ ಬಿಡದ ಹಾಗೆ."

"ಯಾರಿಗೆ?"

"ಎಲ್ಲರಿಗೂ ಅನುಕೂಲ ಆಗಲಿ ಅಂತ."

ಎಲ್ಲರಿಗೂ ಅನುಕೂಲವಾಗುವ ಕೆಲಸದಲ್ಲಿ ಒಬ್ಬರಿಗೆ ಅನಾನುಕೂಲ ಇದ್ದೇ ಇರುತ್ತದೆಂದು ಅಕ್ಕನಿಗೆ ಆ ಕ್ಷಣವೇ ಅನ್ನಿಸಿತು. ಮಧ್ಯಾಹ್ನ ಕಾರಿನ ಹತ್ತಿರ ಬಂದು ನನ್ನನ್ನು ಕೇಳಿದಳು. "ಅಣ್ಣ, ಮೇಜು ಅಳೆದ. ಪುಸ್ತಕ ಕೊಟ್ಟ. ಮುಂದಿನದು ಏನು?"

"ಬಡ್ತಿ ಇರಬಹುದಮ್ಮ."

"ನನ್ನ ತಲೇಲಿರೋದೆಲ್ಲ ಪುಸ್ತಕಕ್ಕೆ ಬಂದಮೇಲೆ ತಲೆ ಯಾಕೆ ಬೇಕು ಅವರಿಗೆ? ತಲೆ ಬೇಡ ಅಂದ್ರೆ ಕುರ್ಚಿ ಬೇಡ, ಕುರ್ಚಿ ಬೇಡ ಅಂದ್ರೆ ಮೇಜೂ ಬೇಡ. ಈಗ ಅರ್ಥ ಆಯ್ತಾ ಮೇಜು ಯಾಕೆ ಅಳೆದ ಅಂತ?"

ನಾನು ನಕ್ಕೆ. ಅವಳು ನಗಲಿಲ್ಲ. ಮನೆಯ ದುಡಿಮೆಯಲ್ಲಿ ದೊಡ್ಡ ಪಾಲು ಅವಳದೇ. ದರ್ಜಿ ಅಂಗಡಿಯಿಂದ ಬರುತ್ತಿದ್ದದ್ದು ದಾರ, ಗುಂಡಿ, ಬೈಗುಳ.

ಹದಿನೈದು ದಿನ ಕೂತು ಬರೆದಳು. ಇಪ್ಪತ್ತೆರಡು ಪ್ರಶ್ನೆ, ಇಪ್ಪತ್ತೆರಡು ಉತ್ತರ. ನಾಯಿ, ಹವಾಮಾನ, ಶೌಚಾಲಯದ ಪರದೆ, ಗಟ್ಟಿ ಪೆಟ್ಟಿಗೆಗಿಂತ ಮೆತ್ತನೆ ಚೀಲ ಏಕೆ ಒಳ್ಳೆಯದು, ಇಬ್ಬರು ಪೈಲಟ್ ಏಕೆ ಬೇಕು, ಎಲ್ಲವನ್ನೂ ಪ್ರಾಮಾಣಿಕವಾಗಿ ಬರೆದಳು. ತೂಕದ ಜಾಗದಲ್ಲಿ ಮಾತ್ರ ಒಂದು ಸಾಲು: "ಪ್ರತಿಯೊಬ್ಬರ ತೂಕ ಕೇಳಿ ಬರೆದುಕೊಳ್ಳಬೇಕು." ಅಷ್ಟೇ. ಹತ್ತು, ಹನ್ನೆರಡು, ಹದಿನೈದರ ವಿಚಾರ ಬರಲಿಲ್ಲ. ಒಳಹೊಲಿಗೆಯ ಎರಡಿಂಚನ್ನು ಅವಳು ತನಗಾಗಿ ಉಳಿಸಿಕೊಂಡಳು. ನಾನಿಲ್ಲದಿದ್ದರೆ ಏನೋ ಸರಿಯಿಲ್ಲ ಎಂದು ಇವರಿಗೆ ಅನ್ನಿಸಬೇಕು, ಕರೆಸಿಕೊಳ್ಳಬೇಕು. ಇದು ಅವಳ ಲೆಕ್ಕ.

ಪುಸ್ತಕ ಕೊಟ್ಟ ಮೂರನೆಯ ದಿನ ಅಳಿಯ ಸಿಹಿಯಾಗಿ ಹೇಳಿದ. "ಅಕ್ಕ, ಇಪ್ಪತ್ತೆರಡು ವರ್ಷ ರಜೆಯನ್ನೇ ತಗೊಂಡಿಲ್ಲ ನೀವು. ಒಂದು ವಾರ ಆರಾಮಾಗಿರಿ. ಫೋನಿಗೆ ಒಂದು ಯಂತ್ರ ಜೋಡಿಸಿದ್ದೀವಿ, ನೋಡೋಣ ಹೇಗೆ ನಡೆಯುತ್ತೆ."

ಅಕ್ಕ ಮೇಜಿನ ಮೇಲಿದ್ದ ಪೆನ್ಸಿಲ್, ಪೆನ್ನು, ಊಟದ ಡಬ್ಬಿ, ಬೆನ್ನಿಗಿಡುವ ದಿಂಬು ಎಲ್ಲ ಚೀಲಕ್ಕೆ ಹಾಕಿಕೊಂಡು ಹೊರಟಳು. ಒಂದು ವಾರದ ರಜೆಗೆ ಯಾರೂ ದಿಂಬು ಒಯ್ಯುವುದಿಲ್ಲ. ಅವಳು ಒಯ್ದಳು.

ರಜೆಯ ನಾಲ್ಕನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ನಾನು ದರ್ಜಿಯ ಅಂಗಡಿಗೆ ಹೋದೆ. ಪ್ಯಾಂಟಿನ ಒಳಹೊಲಿಗೆ ಬಿಡಿಸುವುದಿತ್ತು, ನನ್ನ ಹೊಟ್ಟೆಯೂ ಪಟ್ಟಿಯಿಂದ ಹೊರತಲ್ಲ. ಅಕ್ಕ ಮೂಲೆಯಲ್ಲಿ ಕೂತು ಯಾರದೋ ಅಂಗಿಗೆ ಗುಂಡಿ ಹಚ್ಚುತ್ತಿದ್ದಳು, ಗುಂಡಿಯ ಮೇಲೆ ಹಳೇ ದ್ವೇಷ ಇದ್ದವಳ ಹಾಗೆ.

"ಹೇಗಿದೆ ನಿಮ್ಮ ಯಂತ್ರ?" ಎಂದಳು ತಲೆ ಎತ್ತದೆ.

"ಮೊದಲ ಗಿರಾಕಿ ಸಿಕ್ಕಾಯ್ತು. ಇವತ್ತು ಹನ್ನೆರಡೂವರೆಗೆ ಹೊರಡ್ತಾರೆ. ಎಲ್ಲ ಅವರೇ ಕಂಪ್ಯೂಟರಿನಲ್ಲಿ ತುಂಬಿದ್ದು. ಚೀಟೀನ ಕ್ಯಾಪ್ಟನ್ನಿಗೆ ನಾನೇ ಕೊಟ್ಟು ಬಂದೆ. ಟೈಲ್ಸ್ ಕಾರ್ಖಾನೆಯವರ ಮನೆಯವರು, ಏಳು ಜನ. ಯಜಮಾನರು ಅರವತ್ತೆಂಟು ಕಿಲೋ ಅಂತೆ, ಅವರ ಸೋದರತ್ತೆ ಅರವತ್ತೆರಡು."

ಹೊಲಿಗೆ ಯಂತ್ರ ನಿಂತಿತು. ದರ್ಜಿ ಕನ್ನಡಕದ ಮೇಲಿಂದ ನೋಡಿದ.

"ಟೈಲ್ಸಿನವರಾ? ಅರವತ್ತೆಂಟಾ?"

"ಚೀಟೀಲಿ ಹಾಗಿದೆ."

"ಹೋದ ತಿಂಗಳು ಅವರ ಕೋಟು ಹೊಲಿದೆ ನಾನು. ಸೊಂಟ ನಲವತ್ತಾರು ಇಂಚು. ಅದೂ ಉಸಿರು ಬಿಗಿಹಿಡಿದಾಗ. ಉಸಿರು ಬಿಟ್ಟ ಮೇಲೆ ನನ್ನ ಟೇಪು ಸಾಲಲಿಲ್ಲ." ಆಮೇಲೆ ಹೆಂಡತಿಯ ಕಡೆ ತಿರುಗಿದ. "ನೀನು ಅದನ್ನ ಪುಸ್ತಕದಲ್ಲಿ ಬರೆದಿದ್ದೀಯ ತಾನೆ?"

ಅಕ್ಕನ ಬೆರಳಿಗೆ ಸೂಜಿ ಚುಚ್ಚಿತ್ತು, ಅವಳು ಅದನ್ನು ನೋಡಿಕೊಳ್ಳಲಿಲ್ಲ.

"ಏನೇ, ಬರೆದಿದ್ದೀಯ ತಾನೆ?"

"ಇಲ್ಲ ರೀ."

ನನಗೆ ಆಗ ತಾನೇ ವಿಷಯ ತಿಳಿದದ್ದು. ಕಿಲೋ ಸೇರಿಸುತ್ತಿದ್ದದ್ದು ಗೊತ್ತಿತ್ತು, ಬಚ್ಚಿಟ್ಟದ್ದು ಗೊತ್ತಿರಲಿಲ್ಲ. ಹೊರಗೆ ಬಿಸಿಲು ರಣಗುಡುತ್ತಿತ್ತು. ಬಿಸಿಲೇರಿದಷ್ಟೂ ವಿಮಾನ ಮೇಲೇಳಲು ಹೆಚ್ಚು ಓಡಬೇಕು. ನಮ್ಮ ಓಡುದಾರಿಗೆ ಬೆಳೆಯುವ ವಯಸ್ಸು ಮುಗಿದಿತ್ತು.

ಅಕ್ಕ ಕಚೇರಿಗೆ ಫೋನು ಹಚ್ಚಿದಳು. ಯಂತ್ರ ಎತ್ತಿತು. ಮಧುರವಾದ ಹೆಣ್ಣು ದನಿ: "ನಮಸ್ಕಾರ. ನಾಯಿಯನ್ನು ಕರೆತರುವ ಬಗ್ಗೆ ತಿಳಿಯಲು ಒಂದನ್ನು ಒತ್ತಿ. ಶೌಚಾಲಯದ ಬಗ್ಗೆ ತಿಳಿಯಲು ಎರಡನ್ನು ಒತ್ತಿ."

"ಅಳಿಯಂದಿರಿಗೆ ಕೊಡಿ," ಎಂದಳು ಅಕ್ಕ.

"ಶೌಚಾಲಯ ಇದೆ. ಬಾಗಿಲಿಲ್ಲ, ಪರದೆ ಇದೆ," ಎಂದಿತು ಯಂತ್ರ, ಅವಳದೇ ಮಾತನ್ನು ಅವಳಿಗೇ.

ತನ್ನ ಉತ್ತರಗಳನ್ನೇ ಪರರ ಬಾಯಲ್ಲಿ ಕೇಳುತ್ತಾ ಅವಳು ಒಂಬತ್ತರವರೆಗೂ ಒತ್ತಿದಳು. ಮನುಷ್ಯರು ಯಾರೂ ಸಿಗಲಿಲ್ಲ. ಅಳಿಯನ ಸ್ವಂತ ಫೋನು ಬಿಜಿ. ಕ್ಯಾಪ್ಟನ್ ವಿಮಾನದ ಹತ್ತಿರ ಹೋದಮೇಲೆ ಫೋನು ಆರಿಸುವವನು.

"ಸುಮ್ನಿದ್ರೆ ತಪ್ಪು ಯಂತ್ರದ ತಲೆಗೆ ಬೀಳುತ್ತೆ," ಎಂದ ದರ್ಜಿ ಮೆಲ್ಲಗೆ. ಹೇಳಿದ ತಕ್ಷಣ ಅವನಿಗೇ ನಾಚಿಕೆಯಾಗಿರಬೇಕು, ಟೇಪನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದ.

"ಬೀಳೋದು ತಪ್ಪಲ್ಲ ರೀ, ವಿಮಾನ," ಎಂದು ಅಕ್ಕ ಎದ್ದಳು. "ಅಣ್ಣ, ಗಾಡಿ ತೆಗೀರಿ."

ಕಾರಿನ ಹತ್ತಿರ ಬಂದವಳು ಹಾಗೇ ತಿರುಗಿ ಪಕ್ಕದ ರದ್ದಿ ಅಂಗಡಿಗೆ ನುಗ್ಗಿದಳು. ಹಳೇ ಪೇಪರು ಕೊಳ್ಳುವವನು ಚಹಾ ಕುಡಿಯುತ್ತಿದ್ದ. ಅವನ ಮುಂದೆ ಮೂಟೆ ತೂಗುವ ಕಬ್ಬಿಣದ ತಕ್ಕಡಿ, ಮನುಷ್ಯ ಹತ್ತಿ ನಿಲ್ಲುವಂಥದ್ದು.

"ಇದು ಎರಡು ಗಂಟೆ ಬೇಕು."

"ಅಕ್ಕ, ವ್ಯಾಪಾರದ ಹೊತ್ತು."

"ಬಾಕಿ ದಿನ ನಾನು ನಿನ್ನ ತಕ್ಕಡಿ ಬಗ್ಗೆ ಯಾರ ಹತ್ರಾನೂ ಏನೂ ಹೇಳಲ್ಲ."

ರದ್ದಿಯವನು ಚಹಾ ಕೆಳಗಿಟ್ಟು, ತಾನೇ ತಕ್ಕಡಿ ಎತ್ತಿ ನನ್ನ ಕಾರಿನ ಹಿಂದಿನ ಸೀಟಿಗೆ ಹಾಕಿದ.

ಮೈದಾನಕ್ಕೆ ನಲವತ್ತು ನಿಮಿಷದ ದಾರಿ. ನಾನು ಅಂದು ಎಷ್ಟು ವೇಗವಾಗಿ ಹೋದೆನೆಂದರೆ ನಮ್ಮ ಕಾರಿನ ನೆರಳು ಒಂದು ತಿರುವಿನಲ್ಲಿ ಹಿಂದುಳಿದು, ಮುಂದಿನ ಸಿಗ್ನಲಿನಲ್ಲಿ ಬಂದು ಸೇರಿಕೊಂಡಿತು. ಅಕ್ಕ ಒಂದೇ ಮಾತು ಆಡಿದ್ದು. "ನನ್ನ ಕುರ್ಚಿ ಉಳಿಯಲಿ ಅಂತ ಬಚ್ಚಿಟ್ಟೆ ಅಣ್ಣ. ಈಗ ಹೇಳಿದ್ರೆ ಕುರ್ಚಿ ಹೋಗುತ್ತೆ."

"ಹೇಳದಿದ್ರೆ?"

ಅವಳು ಹಿಂದೆ ತಿರುಗಿ, ಜಾರುತ್ತಿದ್ದ ತಕ್ಕಡಿಯನ್ನು ಹಿಡಿದುಕೊಂಡಳು.

ನಾವು ಹೋದಾಗ ಟೈಲ್ಸ್ ಮನೆತನ ನೆರಳಿನಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿತ್ತು. ದೂರದ ಬೆಟ್ಟದ ಪಟ್ಟಣದಲ್ಲಿ ಅವರ ತಮ್ಮ ಹೊಸ ಮನೆ ಕಟ್ಟಿಸಿದ್ದ, ನೋಡಲು ಹೊರಟಿದ್ದರು. ನಮ್ಮ ಯಜಮಾನರೂ ಅಳಿಯನೂ ಬೀಳ್ಕೊಡಲು ಬಂದಿದ್ದರು. ಅಕ್ಕ ನೇರವಾಗಿ ಕ್ಯಾಪ್ಟನ್ನಿನ ಹತ್ತಿರ ಹೋದಳು.

"ಕ್ಯಾಪ್ಟನ್, ಆ ಚೀಟಿ ಹರಿದುಹಾಕಿ."

"ಯಾಕಕ್ಕ?"

"ನಾನು ಬರೆದದ್ದಲ್ಲ ಅದು. ಇಷ್ಟು ವರ್ಷ ನಿಮಗೆ ಕೊಟ್ಟ ಒಂದೊಂದು ಚೀಟೀಲೂ ನಾನು ಒಬ್ಬೊಬ್ಬರಿಗೆ ಹತ್ತು, ಹದಿನೈದು ಕಿಲೋ ಸೇರಿಸ್ತಿದ್ದೆ. ಇದರಲ್ಲಿ ಯಾರೂ ಸೇರಿಸಿಲ್ಲ. ಸೇರಿಸಬೇಕು ಅನ್ನೋದನ್ನ ಪುಸ್ತಕದಲ್ಲಿ ಬರೀಲಿಲ್ಲ ನಾನು. ಬೇಕಂತಲೇ ಬಿಟ್ಟೆ."

ಅಳಿಯನ ಮುಖ ಬಿಳಿಚಿತು. ಯಜಮಾನರು ಮಾತ್ರ ಕೈ ಬೆನ್ನಿಗೆ ಕಟ್ಟಿಕೊಂಡು ನಿಂತೇ ಇದ್ದರು. ಕ್ಯಾಪ್ಟನ್ ಒಮ್ಮೆ ಚೀಟಿ ನೋಡಿದ, ಒಮ್ಮೆ ಟೈಲ್ಸ್ ಯಜಮಾನರ ಸೊಂಟ ನೋಡಿದ, ಆಮೇಲೆ ಗುಡ್ಡದ ಕಡೆ ನೋಡಿದ. ಚೀಟಿ ಹರಿದ.

ನಾನು ತಕ್ಕಡಿ ತಂದು ಸಿಮೆಂಟು ನೆಲದ ಮೇಲಿಟ್ಟೆ. ಹಳೇ ಪೇಪರಿನ ವಾಸನೆ ಹರಡಿತು.

"ಇದೇನು ಇದು?" ಎಂದರು ಟೈಲ್ಸ್ ಯಜಮಾನರು.

"ಒಬ್ಬೊಬ್ಬರೇ ಹತ್ತಿ ಸಾರ್," ಎಂದಳು ಅಕ್ಕ.

"ನಾನು ತೂಕ ತುಂಬಿ ಕಳಿಸಿದ್ದೀನಲ್ಲ."

"ಹೂಂ."

ಅವರ ಕೈ ತಾನಾಗಿ ಮೇಲಿನ ಗುಂಡಿಗೆ ಹೋಯಿತು. ಹತ್ತಿದರು. ಮುಳ್ಳು ತೊಂಬತ್ತೆರಡಕ್ಕೆ ಹೋಗಿ ನಡುಗಿತು.

"ಬೂಟಿಂದು," ಎಂದರು.

"ಬೂಟು ಬಿಚ್ಚಿ ಹಾರ್ತೀರಾ ಸಾರ್?" ಎಂದು ಕ್ಯಾಪ್ಟನ್ ವಿನಯದಿಂದ ಕೇಳಿದ. ಆಮೇಲೆ ಅಕ್ಕನಿಗೆ, "ತಕ್ಕಡಿ ನಂಬಬಹುದಾ ಅಕ್ಕ?"

"ನಂಬಲೇಬಾರದು. ಹತ್ತು ಕಿಲೋ ಇಟ್ರೆ ಒಂಬತ್ತು ತೋರಿಸುತ್ತೆ, ನಮ್ಮನೆ ಪೇಪರು ಹಾಕಿ ನೋಡಿದ್ದೀನಿ. ಇವರದ್ದು ನೂರಾ ಎರಡು ಅಂತ ಬರ್ಕೊಳ್ಳಿ."

ಹೆಂಡತಿ ಹತ್ತಿದರು, ಮಗಳು ಹತ್ತಿದಳು, ಆ ಮಗಳ ಗಂಡ, ಭಾವಮೈದುನ, ಕೊನೆಗೆ ಮಗು. ಒಬ್ಬೊಬ್ಬರು ಇಳಿಯುವಾಗಲೂ ಒಂದೊಂದು ಕಾರಣ ಇಳಿಯಿತು: ಬೆಳಗಿನ ತಿಂಡಿ, ಮೊಬೈಲು, ದಪ್ಪ ಬಟ್ಟೆ, ಮೂಳೆ ಗಟ್ಟಿ. ಸೋದರತ್ತೆ ಮಾತ್ರ ಕುರ್ಚಿಯಿಂದ ಏಳಲಿಲ್ಲ.

"ನಾನು ಹತ್ತಲ್ಲ."

"ಅತ್ತೆ, ಒಂದೇ ನಿಮಿಷ," ಎಂದರು ಟೈಲ್ಸ್ ಯಜಮಾನರು.

"ರದ್ದಿ ತೂಗೋ ತಕ್ಕಡಿ ಮೇಲೆ ನನ್ನ ನಿಲ್ಲಿಸ್ತೀಯಾ? ನಿನ್ನ ಮಾವ ಇದ್ದಿದ್ರೆ ಈ ಮಾತು ನಿನ್ನ ಬಾಯಲ್ಲಿ ಬರ್ತಿತ್ತೇನೋ? ಅರವತ್ತೆರಡು ಅಂದ್ರೆ ಅರವತ್ತೆರಡು."

ಅಕ್ಕ ಅವರನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಕ್ಯಾಪ್ಟನ್ನಿನ ಕಿವಿಯಲ್ಲಿ "ತೊಂಬತ್ತು" ಎಂದಳು. ಆಮೇಲೆ ಸಾಮಾನಿನ ಕಡೆ ತಿರುಗಿದಳು. ಚೀಟಿಯಲ್ಲಿ 'ಉಡುಗೊರೆ, ಒಂದು ಪೆಟ್ಟಿಗೆ' ಎಂದಿತ್ತು. ನಾನೂ ಇಬ್ಬರು ಹಮಾಲರೂ ಸೇರಿ ಎತ್ತಲು ಹೋದೆವು. ಪೆಟ್ಟಿಗೆ ನಮ್ಮನ್ನು ಎತ್ತುವ ಹಾಗೆ ಕಂಡಿತು.

"ಏನಿದೆ ಸಾರ್ ಇದರಲ್ಲಿ?"

ಟೈಲ್ಸ್ ಯಜಮಾನರು ಎಲ್ಲೋ ನೋಡುತ್ತಾ, "ತಮ್ಮನ ಹೊಸ ಮನೆಗೆ," ಎಂದರು. "ನಮ್ಮದೇ ಟೈಲ್ಸು. ಅವನು ಬೇರೆ ಕಂಪನಿಯದು ಹಾಕಿಸಿದ್ದಾನಂತೆ ಅಂತ ಸುದ್ದಿ. ಪಕ್ಕದಲ್ಲಿಟ್ಟು ತೋರಿಸೋಣ ಅಂತ."

ಕ್ಯಾಪ್ಟನ್ ಎಲ್ಲ ಕೂಡಿಸಿದ. ಸುಳ್ಳು ಇನ್ನೂರ ಇಪ್ಪತ್ತು ಕಿಲೋ ಚಿಲ್ಲರೆ. ಟಿಕೆಟ್ಟಿಲ್ಲದ ಮೂವರು ದಡೂತಿ ಆಸಾಮಿಗಳು ಇವರ ಮಧ್ಯೆ ಕಾಣದಂತೆ ಕೂತು ಹೊರಟಿದ್ದರು ಎಂದರ್ಥ.

"ಎದ್ದಿರ್ತಿತ್ತಾ?" ಎಂದು ಅಳಿಯ ಸಣ್ಣ ದನಿಯಲ್ಲಿ ಕೇಳಿದ.

"ಎದ್ದಿರ್ತಿತ್ತೋ ಏನೋ," ಎಂದ ಕ್ಯಾಪ್ಟನ್. "ಆ 'ಏನೋ' ಏನು ಅಂತ ಗುಡ್ಡದ ಹತ್ರ ಗೊತ್ತಾಗ್ತಿತ್ತು."

ಏನಾದರೂ ಇಳಿಯಲೇಬೇಕಿತ್ತು. ಪೆಟ್ಟಿಗೆ ಮೊದಲು ಇಳಿಯಿತು. ಸಾಲಲಿಲ್ಲ. ಒಬ್ಬರು ಇಳಿಯಬೇಕು ಎಂದ ಕ್ಯಾಪ್ಟನ್. ಎಲ್ಲರೂ ಎಲ್ಲರ ಮುಖ ನೋಡಿದರು. ಸೋದರತ್ತೆ ಕೈಚೀಲ ಹೆಗಲಿಗೇರಿಸಿ ಎದ್ದರು. "ನಾನು ಕಾರಲ್ಲಿ ಹೋಗ್ತೀನಿ. ಕಾರು ಯಾರ ತೂಕಾನೂ ಕೇಳಲ್ಲ."

ವಿಮಾನ ಓಡಿತು. ಅಕ್ಕ ಕಣ್ಣಿಗೆ ನೆರಳು ಮಾಡಿಕೊಂಡು ನಿಂತಳು. ಗುಡ್ಡದ ತಲೆಯ ಮೇಲೆ ಅದು ಸಲೀಸಾಗಿ ದಾಟಿ ಚುಕ್ಕೆಯಾದ ಮೇಲೆ, ಸೆರಗಿನಿಂದ ಮುಖ ಒರೆಸಿಕೊಂಡು ಯಜಮಾನರ ಮುಂದೆ ಬಂದು ನಿಂತಳು.

ಯಜಮಾನರು ಬೆನ್ನಿಗೆ ಕಟ್ಟಿದ ಕೈ ಬಿಡಿಸಿಕೊಂಡರು. ಆಮೇಲೆ, "ಏನಮ್ಮ, ಇಪ್ಪತ್ತೆರಡು ವರ್ಷ ನನ್ನ ವಿಮಾನದಲ್ಲಿ ಇಲ್ಲದ ಕಿಲೋಗಳನ್ನ ಸುಮ್ಮನೆ ಹಾರಿಸಿದ್ದೀಯ?" ಎಂದರು.

"ಇತ್ತು ಸಾರ್. ಅವರು ಹೇಳ್ತಿರಲಿಲ್ಲ, ಅಷ್ಟೇ."

"ನನಗೂ ಹೇಳಲಿಲ್ಲ ನೀನು."

"ಕೇಳಿದ್ರೆ ಹೇಳ್ತಿದ್ದೆ."

"ಪುಸ್ತಕ ಕೊಟ್ಟು ಕೇಳಿದ್ನಲ್ಲ ಇವನು."

ಅಕ್ಕ ಅಳಿಯನ ಕಡೆ ತಿರುಗಿದಳು. "ನೀವು ನಿಜ ಹೇಳಿ. ಮೇಜು ಯಾಕೆ ಅಳೆದ್ರಿ?"

ಅಳಿಯ ಕಾಲಿನಿಂದ ನೆಲ ಕೆರೆದ. "ಆ ಜಾಗದಲ್ಲಿ ಗಿರಾಕಿಗಳಿಗೆ ಸೋಫಾ ಹಾಕೋಣ ಅಂತಿತ್ತು ಅಕ್ಕ."

"ಹೂಂ," ಎಂದಳು ಅಕ್ಕ. ಅಷ್ಟು ತೃಪ್ತಿಯ ಹೂಂ ಅವಳ ಬಾಯಿಂದ ಅದಕ್ಕೆ ಮೊದಲು ಬಂದಿರಲಿಲ್ಲ. ಕೆಲಸ ಹೋದರೂ ಅನುಮಾನ ನಿಜವಾಯಿತಲ್ಲ.

"ಸೋಫಾ ತರಿಸು," ಎಂದರು ಯಜಮಾನರು ಅಳಿಯನಿಗೆ. "ಮೇಜನ್ನ ಇಲ್ಲಿಗೆ ಕಳಿಸು, ಮೈದಾನದ ಈ ಕೋಣೆಗೆ. ಕುರ್ಚೀನೂ. ಒಂದು ಒಳ್ಳೇ ತಕ್ಕಡೀನೂ." ಆಮೇಲೆ ಅಕ್ಕನಿಗೆ, "ನೀನು ಆ ಪುಸ್ತಕಕ್ಕೆ ಒಂದು ಪ್ರಶ್ನೆ ಸೇರಿಸು. ಬಚ್ಚಿಟ್ಟದ್ದಕ್ಕೆ ಒಂದು ತಿಂಗಳು ನಾನು ನಿನ್ನ ಹತ್ರ ಮಾತಾಡಲ್ಲ."

ಆಡಲೂ ಇಲ್ಲ. ಚೀಟಿ ಬರೆದು ಕಳಿಸುತ್ತಿದ್ದರು, ನಾನೇ ಒಯ್ಯುತ್ತಿದ್ದೆ. ಒಂದರಲ್ಲಿ ಹೀಗಿತ್ತು: "ಹೊಸ ತಕ್ಕಡಿ ಸರಿಯಿದೆಯೇ?" ಅಕ್ಕ ಅದರ ಕೆಳಗೆ ಬರೆದಳು: "ಇದುವರೆಗೆ."

ಅಂದು ನಾನು ಸೋದರತ್ತೆಯನ್ನೂ ಟೈಲ್ಸ್ ಪೆಟ್ಟಿಗೆಯನ್ನೂ ಕೂರಿಸಿಕೊಂಡು ಎಂಟು ಗಂಟೆ ಕಾರು ಓಡಿಸಿದೆ. ಕಾರು ತೂಕ ಕೇಳಲಿಲ್ಲ, ಆದರೆ ಪ್ರತಿ ಏರಿನಲ್ಲೂ ನರಳಿತು. ಎರಡನೆಯ ಏರಿನಲ್ಲಿ ಸೋದರತ್ತೆ ಕೇಳಿದರು. "ಅವಳು ಪೈಲಟ್ ಕಿವೀಲಿ ಏನಂದ್ಲು?"

"ನನಗೆ ಕೇಳಿಸಲಿಲ್ಲಮ್ಮ."

"ಸುಳ್ಳು ಹೇಳ್ಬೇಡ."

"ತೊಂಬತ್ತು ಅಂದ್ಲು."

ಅವರು ಕೈಚೀಲವನ್ನು ತೊಡೆಯಿಂದ ಸೀಟಿಗಿಳಿಸಿದರು. "ಎಂಬತ್ತೊಂಬತ್ತು," ಎಂದರು ಆಮೇಲೆ. "ಯಾರಿಗೂ ಹೇಳ್ಬೇಡ." ಇಂದಿನವರೆಗೂ ಯಾರಿಗೂ ಹೇಳಿರಲಿಲ್ಲ.

ಇಪ್ಪತ್ತಮೂರನೆಯ ಪ್ರಶ್ನೆಯನ್ನು ಅಕ್ಕ ತನ್ನ ಕೈಯಾರೆ ಬರೆದಳು. ಈಗ ಅದನ್ನು ಯಂತ್ರವೂ ಹೇಳುತ್ತದೆ. "ನಮ್ಮ ತೂಕ ಹೇಳಬೇಕೆ? ಬೇಡ. ಬಂದು ನಿಲ್ಲಿ." ಫೋನುಗಳೆಲ್ಲ ಯಂತ್ರಕ್ಕೆ ಹೋದವು, ಮೈದಾನದ ಕೋಣೆ ಅಕ್ಕನದಾಯಿತು. ಕಿಟಕಿಯಿಂದ ಓಡುದಾರಿ ಕಾಣುತ್ತದೆ, ತುದಿಯಲ್ಲಿ ಗುಡ್ಡ. ಹತ್ತಿದವರು ಮುಳ್ಳು ನೋಡುತ್ತಾರೆ, ಅವಳು ಅವರ ಕಾಲು ನೋಡುತ್ತಾಳೆ, ಹಿಮ್ಮಡಿ ಗೋಡೆಗೆ ಆನಿಸಿ ಭಾರ ಕದಿಯುವವರೂ ಇರುತ್ತಾರೆಂದು.

ನಾನು ಕೆಲಸ ಬಿಡುವ ದಿನ ಕಾರಿನ ಬೀಗದ ಕೈ ಒಪ್ಪಿಸಲು ಅಲ್ಲಿಗೆ ಹೋಗಿದ್ದೆ. ತಕ್ಕಡಿ ಖಾಲಿಯಿತ್ತು. ಕಿಟಕಿಯಲ್ಲಿ ಬಿಸಿಲು.

"ಅಕ್ಕ, ಇಷ್ಟು ಜನರನ್ನ ನಿಲ್ಲಿಸಿದೆ. ನೀನು ಒಂದು ದಿನಾನಾದ್ರೂ ಹತ್ತಿದ್ದೀಯ?"

"ನಾನು ಯಾಕೆ ಹತ್ತಲಿ? ನಾನೇನು ಹಾರ್ತೀನಾ?"

"ಆದ್ರೂ ಎಷ್ಟಿರಬಹುದು ನಿನ್ನ ತೂಕ?"

"ಐವತ್ತೆಂಟು," ಎಂದಳು ಪಟ್ಟನೆ.

ನಾನು ಬೀಗದ ಕೈ ಮೇಜಿನ ಮೇಲಿಟ್ಟು, "ಹೂಂ" ಎಂದೆ.